ಉಳುವಾಗ ಕಲ್ಲಿನ ಕೊಡಲಿ ಸಿಕ್ಕರೆ ಎಸೀಬೇಡಿ

ಕಳೆದ ವಾರ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡ ಹತ್ತಿದ್ದೆ. ಸುಮಾರು 4000 ವರ್ಷಗಳ ಹಿಂದೆ ಇಲ್ಲಿ ದನಗಾಹಿಗಳಿದ್ದರು. ಕೊಡಲಿಗೆ ಅವರು ಸಿಕ್ಕ ಸಿಕ್ಕ ಕಲ್ಲು ಬಳಸಲಿಲ್ಲ. ಗ್ರಾನೈಟ್ ಬಂಡೆಗಳ ನಡುವೆ ಪಟ್ಟಿಯಂತೆ ಹಾಯ್ದಿರುವ ಕರಿಕಲ್ಲು, ಅಂದ್ರೆ ಡಾಲರೈಟ್, ಒಡೆದು ತಂದರು. ಅದು ಗಟ್ಟಿ, ಏಟು ತಡೆಯುತ್ತೆ.

ಕೆಲಸ ಮೂರು ಹಂತದ್ದು:

1. ಇನ್ನೊಂದು ಕಲ್ಲಿನಿಂದ ಹೊಡೆದು ಚಕ್ಕೆ ತೆಗೆದು ಆಕಾರ ಕೊಡೋದು.
2. ಕುಟ್ಟಿ ಕುಟ್ಟಿ ಉಬ್ಬು ಇಳಿಸೋದು.
3. ಬಂಡೆಗೆ ಉಜ್ಜಿ ಬಾಯಿ ಮಸೆಯೋದು. ಮಸೆದ ತಗ್ಗುಗಳು ಈಗಲೂ ಕಾಣ್ತವೆ.

ಕಲ್ಲುಗಣಿಗಾರಿಕೆಯಿಂದ ಇಲ್ಲಿನ ಎಷ್ಟೋ ಗುರುತು ಅಳಿದಿವೆ. ನಿಮ್ಮ ಹೊಲದಲ್ಲಿ ನುಣುಪಾದ ಕಲ್ಲುಕೊಡಲಿ ಸಿಕ್ಕರೆ ತೊಳೆದು ಉಜ್ಜಬೇಡಿ, ಮಾರಬೇಡಿ. ಸಿಕ್ಕ ಜಾಗದಲ್ಲೇ ಫೋಟೊ ತೆಗೆದು, ಲೊಕೇಶನ್ ಸೇವ್ ಮಾಡಿ, ಪುರಾತತ್ವ ಇಲಾಖೆಗೆ ತಿಳಿಸಿ.