ಬೀಜದ ಡಬ್ಬಿಗೆ ಮಳೆಯ ಹೆಸರು

ಹಿತ್ತಲಿನ ಬೀಜಗಳನ್ನು ತರಕಾರಿಯ ಹೆಸರು ಹಿಡಿದು ಜೋಡಿಸಿಡುವುದಕ್ಕಿಂತ ಮಳೆಯ ಹೆಸರು ಹಿಡಿದು ಜೋಡಿಸಿಡುವುದು ಮೇಲು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸೀಮೆಯಲ್ಲಿ ಬೀಜ ಕಟ್ಟಿಟ್ಟು, ಬಿತ್ತಿ, ಮತ್ತೆ ಬೀಜಕ್ಕೆ ಬಿಟ್ಟು ನಾನು ಕಲಿತದ್ದನ್ನೆಲ್ಲ ಒಟ್ಟು ಮಾಡಿದರೆ ಈ ಒಂದು ಮಾತಾಗುತ್ತದೆ. ಸೋರೆ ಒಂದು ಡಬ್ಬಿ, ಸೊಪ್ಪು ಒಂದು ಡಬ್ಬಿ, ಕಾಳು ಒಂದು ಡಬ್ಬಿ ಎಂದು ವಿಂಗಡಿಸಿದರೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಇವತ್ತು ಏನು ಬಿತ್ತಬೇಕು ಎಂಬ ಪ್ರಶ್ನೆಗೆ ಆ ಡಬ್ಬಿ ಉತ್ತರ ಹೇಳುವುದಿಲ್ಲ. ಭರಣಿಯ ಡಬ್ಬಿ, ಆರಿದ್ರೆಯ ಡಬ್ಬಿ, ಚಿತ್ತೆಯ ಡಬ್ಬಿ ಎಂದು ಮಳೆ ನಕ್ಷತ್ರಗಳ ಹೆಸರಲ್ಲಿ ವಿಂಗಡಿಸಿದರೆ ಬೀಜದ ಪೆಟ್ಟಿಗೆಯೇ ಪಂಚಾಂಗವಾಗುತ್ತದೆ. ಇದು ಬರೀ ಅನುಕೂಲದ ಮಾತಲ್ಲ. ಬೀಜ ಮೊಳೆಯುವುದು, ಹೂ ಬಿಡುವುದು, ರೋಗಕ್ಕೆ ಸಿಗುವುದು ಅಥವಾ ತಪ್ಪಿಸಿಕೊಳ್ಳುವುದು ಎಲ್ಲವೂ ಕಾಲಕ್ಕೆ ಕಟ್ಟುಬಿದ್ದಿವೆ. ಹಾಗಿರುವಾಗ ಬೀಜವನ್ನು ಕಾಲದಿಂದ ಬೇರ್ಪಡಿಸಿ ಇಡುವುದಕ್ಕೆ ಅರ್ಥವಿಲ್ಲ.

ಆದರೆ ಯಾವ ಮಳೆ ನಮ್ಮ ಹೊಲದ್ದು ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಸಾಕ್ಷಿ ಬೀಚನಹಳ್ಳಿಯ ಅಣೆಕಟ್ಟೆ. 1974ರಲ್ಲಿ ಮುಗಿದ ಈ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಹಿಡಿಯುವ ನೀರು 19.52 ಟಿಎಂಸಿ. ಕಾವೇರಿ ಕೊಳ್ಳದ ದೊಡ್ಡ ಜಲಾಶಯಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ತುಂಬುವುದು ಇದೇ. ಜುಲೈನಲ್ಲಿ ಗೇಟು ತೆರೆದ ಚಿತ್ರ ಪತ್ರಿಕೆಯಲ್ಲಿ ಕಂಡವರು ಕೋಟೆ ಸೀಮೆಯಲ್ಲೆಲ್ಲ ಹೊಲ ತೊಯ್ದಿದೆ ಎಂದುಕೊಳ್ಳುತ್ತಾರೆ. ಆ ನೀರು ಬಿದ್ದದ್ದು ವಯನಾಡಿನ ಬೆಟ್ಟಗಳ ಮೇಲೆ. ಬೆಟ್ಟದ ಈಚೆಗೆ ಬರುವ ಹೊತ್ತಿಗೆ ನೈರುತ್ಯ ಮಾರುತದ ಕಸುವು ಬಹುಪಾಲು ಇಳಿದಿರುತ್ತದೆ. ಮೂಡಲಿಗೆ ಹೋದಷ್ಟೂ ಮೋಡ ಇರುತ್ತದೆ, ಗಾಳಿ ಇರುತ್ತದೆ, ಜಿನುಗು ಇರುತ್ತದೆ, ಹದ ಮಳೆ ಇರುವುದಿಲ್ಲ. ಮೈಸೂರಿನ ಮಳೆಯ ಲೆಕ್ಕ ತೆಗೆದರೆ ಹೆಚ್ಚು ಮಳೆಯ ತಿಂಗಳುಗಳು ಮೇ ಮತ್ತು ಅಕ್ಟೋಬರ್. ಮಳೆಗಾಲವೆಂದು ನಾವು ಕರೆಯುವ ಜೂನ್, ಜುಲೈ ನಡುವಿನ ತಗ್ಗು. ಆದ್ದರಿಂದ ಕೇರಳಕ್ಕೆ ಮುಂಗಾರು ಮುಟ್ಟಿತು ಎಂಬ ಸುದ್ದಿಯನ್ನಾಗಲಿ, ಜಲಾಶಯದ ಮಟ್ಟವನ್ನಾಗಲಿ ನಂಬಿ ಬಿತ್ತುವ ಹಾಗಿಲ್ಲ. ಅಣೆಕಟ್ಟೆ ತುಂಬಿ ಹರಿಯುತ್ತಿರುವಾಗಲೇ ನಾಲೆಯ ನೀರು ಸಿಗದ ಹೊಲದಲ್ಲಿ ರಾಗಿ ಬಿತ್ತನೆಗೆ ಮಳೆ ಕಾಯುತ್ತ ಕೂರುವುದು ಈ ಸೀಮೆಯಲ್ಲಿ ಹೊಸತೇನಲ್ಲ. ಇಲ್ಲಿಯ ಬಿತ್ತನೆಗೆ ಇಲ್ಲಿಯದೇ ಗುರುತು ಬೇಕು.

ಆ ಗುರುತಿನ ಹಳೆಯ ಚೌಕಟ್ಟು ಮಳೆ ನಕ್ಷತ್ರಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13ರಿಂದ 14 ದಿನ ಇರುತ್ತಾನೆ. ಏಪ್ರಿಲ್ 27ರ ಆಸುಪಾಸು ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರೆ ಹೀಗೆ ಸಾಗುತ್ತದೆ. ಇದರಲ್ಲಿ ಗಮನಿಸಬೇಕಾದ ಜಾಣತನವೊಂದಿದೆ. ನಮ್ಮ ಹಬ್ಬಗಳು ಹೆಚ್ಚಾಗಿ ಚಾಂದ್ರಮಾನದವು. ಯುಗಾದಿ ಒಂದು ವರ್ಷ ಮಾರ್ಚ್ ಕೊನೆಗೆ ಬಂದರೆ ಇನ್ನೊಂದು ವರ್ಷ ಏಪ್ರಿಲ್ ನಡುವಿಗೆ ಬರುತ್ತದೆ. ಅಧಿಕ ಮಾಸ ಬಂದಾಗ ಹಬ್ಬ ಮುಂದಕ್ಕೆ ಜಿಗಿಯುತ್ತದೆ. ಯುಗಾದಿಯ ಹೊತ್ತಿಗೆ ಹೊನ್ನಾರು ಕಟ್ಟಿ ಪೂಜೆ ಮಾಡಿದವರೇ ಬಿತ್ತನೆಯ ದಿನವನ್ನು ಮಾತ್ರ ಹಬ್ಬಕ್ಕೆ ಕಟ್ಟಲಿಲ್ಲ, ಸೂರ್ಯನ ನಡಿಗೆಗೆ ಕಟ್ಟಿದರು. ಬಿಸಿಲು, ಮಾರುತ, ಹಗಲಿನ ಉದ್ದ ಎಲ್ಲವೂ ಸೂರ್ಯನ ಲೆಕ್ಕವೇ. ಚೀನಾದ ರೈತರು ಬಳಸುವ 24 ಋತುಭಾಗಗಳೂ ಸೂರ್ಯನನ್ನೇ ಹಿಡಿದವು. 2016ರಲ್ಲಿ ಯುನೆಸ್ಕೊ ಅವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಮಟ್ಟದ ಒಂದು ಕ್ರಮ ನಮ್ಮ ಗಾದೆಗಳಲ್ಲಿ ಬದುಕಿದೆ. ಅದನ್ನು ಬರೀ ನೆನಪಿಗೆ ಇಟ್ಟುಕೊಳ್ಳದೆ ಕೆಲಸಕ್ಕೆ ಇಟ್ಟುಕೊಳ್ಳಬೇಕು.

ನಕ್ಷತ್ರ ಹೇಳುವುದು ಹದಿನಾಲ್ಕು ದಿನಗಳ ಒಂದು ಅವಧಿಯನ್ನು. ಅದರೊಳಗಿನ ದಿನವನ್ನು ಹೇಳಬೇಕಾದದ್ದು ನೆಲ, ಗಿಡ, ಹುಳ. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಪ್ರಕೃತಿಯ ಸೂಚನೆ ಎಂದರೆ ಮುಂದೆ ಬರುವ ಮಳೆಯ ಭವಿಷ್ಯ ಎಂದು ತಿಳಿಯುತ್ತಾರೆ. ನಾನು ಕಂಡುಕೊಂಡಂತೆ ನಂಬಬಹುದಾದ ಸೂಚನೆಗಳು ಆಗಿಹೋದುದರ ಅಳತೆಗಳು. ರೆಕ್ಕೆ ಬಂದ ಗೆದ್ದಲು ಸಂಜೆ ದೀಪಕ್ಕೆ ಮುತ್ತಿಕೊಂಡರೆ ನಾಳೆಯ ಮಳೆಯ ಖಾತರಿಯಿಲ್ಲ. ಹುತ್ತದ ಮಣ್ಣು ಚೆನ್ನಾಗಿ ನೆಂದಿದೆ ಎಂಬುದಂತೂ ಖಾತರಿ. ಅಣ್ಣೆಸೊಪ್ಪು, ಗರಿಕೆ ಹೊಲದ ತುಂಬ ಒಂದೇ ಸಮ ಹಸಿರಾದರೆ ನೆಲದಲ್ಲಿ ತೇವವೂ ಕಾವೂ ಕೆಲವು ದಿನ ಸತತವಾಗಿ ನಿಂತಿವೆ ಎಂದರ್ಥ. ಆ ಕಳೆಯನ್ನು ಕುಂಟೆ ಹೊಡೆದು ಕೆಡವಿ ಬಿತ್ತಿದರೆ ಕಳೆಯೂ ತಗ್ಗುತ್ತದೆ, ಬೀಜವೂ ಏಳುತ್ತದೆ. ಎಲ್ಲಕ್ಕಿಂತ ನೇರ ಸೂಚನೆ ಕೈಗೆ ಸಿಗುವ ಮಣ್ಣು. ಮಳೆ ಬಿದ್ದ ಮರುದಿನ ಬೆಳಗ್ಗೆ ಪಾತಿಯನ್ನು ಗೇಣುದ್ದ ಅಗೆದು ನೋಡಬೇಕು. ಮೇಲೆ ಎರಡು ಬೆರಳು ನೆಂದು ಕೆಳಗೆ ಒಣ ಮಣ್ಣು ಉದುರುತ್ತಿದ್ದರೆ ಅದು ಬೀಜವನ್ನು ಮೊಳೆಸಿ ಸಾಯಿಸುವ ಮಳೆ. ಗೇಣಿನ ತಳದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿದಾಗ ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಟ್ಟಾಗ ಆ ಉಂಡೆ ಒಡೆದರೆ ಹದ ಬಂದಿದೆ. ಬಿದ್ದ ಉಂಡೆ ಒಡೆಯದೆ ಅಪ್ಪಚ್ಚಿಯಾದರೆ ನೀರು ಹೆಚ್ಚಾಗಿದೆ, ಇನ್ನೆರಡು ದಿನ ತಡೆಯಬೇಕು.

ಮರಗಳ ಸೂಚನೆ ಬೇರೆ ಬಗೆಯದು. ಮುತ್ತುಗ, ಹೊಂಗೆ, ಕಕ್ಕೆ ಮರಗಳ ಬೇರು ಆಳದಲ್ಲಿದೆ. ಅವು ಚಿಗುರುವುದು, ಹೂ ಬಿಡುವುದು ಬಿಸಿಲಿನ ಏರಿಕೆಯನ್ನೂ ಹಗಲಿನ ಉದ್ದವನ್ನೂ ಅನುಸರಿಸಿ. ಮೇಲ್ಮಣ್ಣಿನ ಹದ ಅವಕ್ಕೆ ತಿಳಿಯುವುದಿಲ್ಲ. ಹಾಗಾಗಿ ಅವುಗಳನ್ನು ನಾನು ತಯಾರಿಗೆ ಗುರುತಾಗಿ ಇಟ್ಟುಕೊಂಡಿದ್ದೇನೆ. ಮುತ್ತುಗ ಕೆಂಪಾದಾಗ ಬೀಜಗಳನ್ನು ಹೊರತೆಗೆದು ಬಿಸಿಲು ಕಾಣಿಸುವುದು, ಹೊಂಗೆ ಚಿಗುರಿದಾಗ ಮೊಳಕೆ ಪರೀಕ್ಷೆ, ಕಕ್ಕೆ ಹಳದಿಯಾದಾಗ ಕುಂಬಳ ಸೋರೆಗೆ ಗುಣಿ ತೆಗೆದು ಗೊಬ್ಬರ ತುಂಬುವುದು. ಬಿತ್ತುವ ಅಪ್ಪಣೆ ಮಾತ್ರ ಮಣ್ಣಿನಿಂದಲೇ ಬರಬೇಕು.

ಈ ತರ್ಕವನ್ನು ಡಬ್ಬಿಗೆ ಇಳಿಸಿದರೆ ಐದು ಪಾಲಾಗುತ್ತದೆ. ಭರಣಿ ಕೃತ್ತಿಕೆಯ ಡಬ್ಬಿಯಲ್ಲಿ ಗುಡುಗು ಮಳೆಗೆ ಏಳುವ ಸೋರೆ, ಕುಂಬಳ, ಹೀರೆ, ಪಡವಲ, ಹಾಗಲ, ಬೆಂಡೆ, ಜೊತೆಗೆ ಎಳ್ಳು, ಅಲಸಂದೆ, ಹೆಸರು. ಹುಣಸೂರು, ಪಿರಿಯಾಪಟ್ಟಣದವರು ಹೊಗೆಸೊಪ್ಪಿನ ಸಸಿ ನೆಡುವುದೂ, ಕೋಟೆಯ ಹತ್ತಿ ಬಿತ್ತನೆಯೂ ಇದೇ ಮೇ ತಿಂಗಳ ಮಳೆಯನ್ನು ನಂಬಿ. ರೋಹಿಣಿ ಮೃಗಶಿರದ ಡಬ್ಬಿಯಲ್ಲಿ ಒಟ್ಲು ಹಾಕುವ ಬದನೆ, ಮೆಣಸಿನಕಾಯಿ, ಟೊಮೆಟೊ ಮತ್ತು ತೊಗರಿ. ಆರಿದ್ರೆಯಿಂದ ಪುಷ್ಯದವರೆಗಿನ ಡಬ್ಬಿಯಲ್ಲಿ ರಾಗಿ, ಅದರ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು. ಮಘೆಯಿಂದ ಉತ್ತರೆಯವರೆಗೆ ಹುರುಳಿ, ಅಲ್ಪಾವಧಿಯ ರಾಗಿ. ಚಿತ್ತೆ ಸ್ವಾತಿಯ ಡಬ್ಬಿಯಲ್ಲಿ ಚಳಿ ಬೇಡುವ ಕೊತ್ತಂಬರಿ, ಮೆಂತ್ಯ, ಮೂಲಂಗಿ, ಕಡಲೆ. ಪ್ರತಿ ಪೊಟ್ಟಣದ ಮೇಲೆ ಬೀಜದ ಹೆಸರು, ಕಟ್ಟಿದ ವರ್ಷ, ಯಾವ ಗುರುತು ಕಂಡಾಗ ಬಿತ್ತಬೇಕು, ಯಾವ ಗುರುತು ಕಂಡ ಮೇಲೆ ಬಿತ್ತಬಾರದು ಎಂಬ ನಾಲ್ಕು ಸಂಗತಿ ಬರೆದಿರಬೇಕು. ಕೊನೆಯದನ್ನು ಮರೆಯುವವರೇ ಹೆಚ್ಚು. ಇಬ್ಬನಿ ಗಟ್ಟಿಯಾಗಿ ಬೀಳತೊಡಗಿದ ಮೇಲೆ ಹೊಸದಾಗಿ ಬಳ್ಳಿ ಹಬ್ಬಿಸಿದರೆ ಎಲೆಗೆ ಬೂದಿ ರೋಗ ಬರುವ ಸಂಭವ ಹೆಚ್ಚು. ಬಿಸಿಲು ಏರಿದ ಮೇಲೆ ಕೊತ್ತಂಬರಿ ಹಾಕಿದರೆ ಸೊಪ್ಪಾಗುವ ಮೊದಲೇ ಹೂ ಹೊಡೆಯುತ್ತದೆ.

ಮಳೆ ಹಿಡಿದು ಜೋಡಿಸುವುದರಿಂದ ಬೀಜದ ಆಯಸ್ಸಿಗೂ ಲಾಭವಿದೆ. ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಅಂದಾಜಿನ ಪ್ರಕಾರ, ಬೀಜದೊಳಗಿನ ತೇವ ಶೇ 1ರಷ್ಟು ಇಳಿದರೆ ಆಯಸ್ಸು ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿಯಾಗುತ್ತದೆ. ಕುಂಬಳದ ಬೀಜವನ್ನು ಸಗಣಿಯೊಂದಿಗೆ ಗೋಡೆಗೆ ತಟ್ಟುವುದು, ತೊಗರಿ ಅವರೆಗೆ ಕೆಮ್ಮಣ್ಣು ಕಟ್ಟುವುದು, ಬದನೆ ಬೀಜವನ್ನು ಬೂದಿಯಲ್ಲಿ ಹೊರಳಿಸುವುದು ಎಲ್ಲವೂ ತೇವವನ್ನು ಹೀರಿ ಹುಳವನ್ನು ದೂರವಿಡುವ ಉಪಾಯಗಳೇ. ಎಲ್ಲ ಬೀಜ ಒಂದೇ ಡಬ್ಬಿಯಲ್ಲಿದ್ದರೆ ಆರಿದ್ರೆಯ ಒದ್ದೆ ಗಾಳಿಯಲ್ಲಿ ಅವರೆ ತೆಗೆಯಲು ಮುಚ್ಚಳ ಬಿಚ್ಚಿದಾಗಲೆಲ್ಲ ಚಿತ್ತೆಗೆ ಕಾಯುತ್ತಿರುವ ಕೊತ್ತಂಬರಿಗೂ ತೇವ ತಗಲುತ್ತದೆ. ಮಳೆಗೊಂದು ಡಬ್ಬಿ ಇದ್ದರೆ ಆಯಾ ಮಳೆಗೆ ಆಯಾ ಮುಚ್ಚಳ ಮಾತ್ರ ಬಿಚ್ಚುತ್ತದೆ. ಡಬ್ಬಿ ಬಿಚ್ಚುವ ಎರಡು ವಾರ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಬೇಕು. ಎಂಟು ಮೊಳೆತರೆ ನಿಶ್ಚಿಂತೆ, ಐದು ಮೊಳೆತರೆ ಒತ್ತಾಗಿ ಬಿತ್ತಬೇಕು, ಅದಕ್ಕೂ ಕಡಿಮೆಯಾದರೆ ಹೊಸ ಬೀಜ ಹುಡುಕಲು ಇನ್ನೂ ಸಮಯವಿರುತ್ತದೆ.

ಮಳೆಯೇ ಕೆಟ್ಟುಹೋದ ಕಾಲದಲ್ಲಿ ಈ ಲೆಕ್ಕ ಎಲ್ಲಿ ನಿಲ್ಲುತ್ತದೆ ಎಂಬುದು ಎಲ್ಲರ ಆಕ್ಷೇಪ. ಅದರಲ್ಲಿ ಹುರುಳಿದೆ. ಕೇರಳಕ್ಕೆ ಮುಂಗಾರು ಮುಟ್ಟಿದ್ದು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. 2023ರ ಆಗಸ್ಟ್ ದೇಶಕ್ಕೇ 1901ರಿಂದೀಚಿನ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದರೆ ಇದು ತಾರೀಕು ನೋಡಿ ಬಿತ್ತುವುದನ್ನು ಖಂಡಿಸುತ್ತದೆಯೇ ಹೊರತು ಗುರುತು ನೋಡಿ ಬಿತ್ತುವುದನ್ನಲ್ಲ. ಮಳೆ ತಡವಾದರೆ ಗೆದ್ದಲೂ ತಡವಾಗಿಯೇ ಏಳುತ್ತದೆ, ಕಳೆಯೂ ತಡವಾಗಿಯೇ ಮೊಳೆಯುತ್ತದೆ. ಗುರುತು ಮಳೆಯೊಂದಿಗೇ ಸರಿಯುತ್ತದೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಏನು ಗತಿ ಎಂಬುದಕ್ಕೂ ಡಬ್ಬಿಯಲ್ಲೇ ಉತ್ತರವಿರಬೇಕು: ಪ್ರತಿ ಬೀಜದ ಮೂರನೇ ಒಂದು ಪಾಲನ್ನು ಮರುಬಿತ್ತನೆಗೆ ಬೇರೆ ಪೊಟ್ಟಣದಲ್ಲಿ ಎತ್ತಿಡಬೇಕು. ಆರಿದ್ರೆ, ಪುನರ್ವಸು ಎರಡೂ ಹುಸಿಯಾದರೆ ಮಘೆಯ ಡಬ್ಬಿಯ ಹುರುಳಿಯಾದರೂ ಕೈ ಹಿಡಿಯುತ್ತದೆ. ಅನಿಶ್ಚಿತ ಕಾಲದಲ್ಲಿ ಈ ಏರ್ಪಾಡು ಹೆಚ್ಚು ಬೇಕಾಗುತ್ತದೆ.

ಬೋರ್‌ವೆಲ್, ಹನಿ ನೀರಾವರಿ ಇರುವವರಿಗೆ ಮಳೆಯ ಹಂಗೇಕೆ ಎಂಬುದು ಎರಡನೆಯ ಮಾತು. ನೀರು ಕೊಟ್ಟರೆ ಬೀಜ ಮೊಳೆಯುತ್ತದೆ, ನಿಜ. ಆದರೆ ನಾಟಿ ಅವರೆ ಹೂ ಬಿಡುವುದು ಹಗಲು ಕಿರಿದಾಗುವುದನ್ನು ಕಂಡ ಮೇಲೆ. ನಮ್ಮ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ಅಂತರವೂ ಇಲ್ಲ. ಆ ಸಣ್ಣ ವ್ಯತ್ಯಾಸವನ್ನೂ ಅವರೆ ಹಿಡಿಯುತ್ತದೆ. ಮಾರ್ಚಿನಲ್ಲಿ ನೀರು ಕಟ್ಟಿ ಬಿತ್ತಿದರೆ ಬರೀ ಬಳ್ಳಿ ಹಬ್ಬೀತು, ಸೊಗಡಿನ ಕಾಯಿಗೆ ಚಳಿಗಾಲವನ್ನೇ ಕಾಯಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಕೊಟ್ಟದ್ದೇ ಈ ಕಟ್ಟನ್ನು ಬಿಡಿಸಿ ವರ್ಷವಿಡೀ ಬೆಳೆಯಲು. ಆ ತಳಿ ಬಿತ್ತುವವರು ಬಿತ್ತಲಿ. ನಾಟಿ ಅವರೆಯ ಸೊಗಡು ಬೇಕಾದವರು ಅದರ ಕಾಲವನ್ನು ಒಪ್ಪಿಕೊಳ್ಳಲೇಬೇಕು.

ಮೂರನೆಯ ಆಕ್ಷೇಪ ಎರಡು ಕಡೆಯಿಂದ ಬರುತ್ತದೆ. ನಕ್ಷತ್ರವೆಂದರೆ ಮೂಢನಂಬಿಕೆ ಎನ್ನುವವರು ಒಂದು ಕಡೆ, ಹಿರಿಯರು ಹೇಳಿದ ನಕ್ಷತ್ರ ತಪ್ಪಿಸಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಆಕಾಶವೇ ಉತ್ತರಿಸುತ್ತದೆ. ಭೂಮಿಯ ಅಕ್ಷದ ನಿಧಾನ ಚಲನೆಯಿಂದಾಗಿ ನಕ್ಷತ್ರಗಳಿಗೂ ಋತುಗಳಿಗೂ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. 6ನೇ ಶತಮಾನದ ವರಾಹಮಿಹಿರನ ಕಾಲದಲ್ಲಿ ಸೂರ್ಯ ಅಶ್ವಿನಿಗೆ ಬರುತ್ತಿದ್ದುದು ಹಗಲು ರಾತ್ರಿ ಸಮವಾಗುವ ಮಾರ್ಚ್ ಹೊತ್ತಿಗೆ. ಈಗ ಏಪ್ರಿಲ್ 14ಕ್ಕೆ. ಮೂರು ವಾರ ಸರಿದಿದೆ. ಅಂದರೆ ನಕ್ಷತ್ರ ತನ್ನ ಬಲದಿಂದ ಮಳೆ ತರುವುದಿಲ್ಲ. ಕಾಲವನ್ನು ಗುರುತಿಸಲು ಹಿರಿಯರು ನೆಟ್ಟ ಕಲ್ಲು ಅದು. ಆ ಕಲ್ಲಿನ ಸುತ್ತ ಏನಾಗುತ್ತದೆ ಎಂಬುದನ್ನು ಪ್ರತಿ ತಲೆಮಾರೂ ಕಣ್ಣಿಟ್ಟು ನೋಡಿತು, ನೋಡಿದ್ದನ್ನು ಗಾದೆಯಾಗಿಸಿತು. ನೋಡುವುದನ್ನು ಬಿಟ್ಟು ಗಾದೆಯನ್ನಷ್ಟೇ ಹಿಡಿದುಕೊಂಡರೆ ಹಿರಿಯರಿಗೆ ನಿಷ್ಠರಾದಂತಲ್ಲ. ಹಾಗೆಂದು ಇಂದಿನ ಮುನ್ಸೂಚನೆಯನ್ನೂ ಬದಿಗಿಡಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ, ಹವಾಮಾನ ಇಲಾಖೆಯ ಮೇಘದೂತ ಆ್ಯಪ್ ಮುಂದಿನ ಕೆಲವು ದಿನಗಳ ಮಾತು ಹೇಳುತ್ತವೆ. ಮಣ್ಣು ಈವರೆಗಿನ ಮಾತು ಹೇಳುತ್ತದೆ. ಹದ ಬಂದಿದೆ, ಐದು ದಿನ ಹನಿಯಿಲ್ಲ ಎಂದು ಮುನ್ಸೂಚನೆಯಿದ್ದರೆ ಸಣ್ಣ ಬೀಜವನ್ನು ತಡೆದು ದಪ್ಪ ಬೀಜವನ್ನು ಆಳಕ್ಕೆ ಊರಬಹುದು. ಎರಡನ್ನೂ ಕೂಡಿಸಿದವನ ಬಿತ್ತನೆಯೇ ಗಟ್ಟಿ.

ನಾನು ಕೇಳಿಕೊಳ್ಳುವುದು ಇಷ್ಟೇ. ಪ್ರತಿ ಡಬ್ಬಿಯೊಳಗೆ ಒಂದು ಹಾಳೆ ಇಡಿ. ಮಳೆ ಬಿದ್ದ ದಿನ, ಕಂಡ ಗುರುತು, ಬಿತ್ತಿದ ದಿನ, ಮೊಳೆತ ದಿನ, ಬೆಳೆ ಬಂದ ಬಗೆ ಬರೆಯಿರಿ. ಐದಾರು ವರ್ಷದಲ್ಲಿ ಆ ಹಾಳೆ ನಿಮ್ಮ ಹಿತ್ತಲಿಗೆ ಯಾವ ಪುಸ್ತಕವೂ ಕೊಡಲಾಗದ ಪಂಚಾಂಗವಾಗುತ್ತದೆ. ಕೋಟೆಯ ಕಾಡಂಚಿನ ಊರಿನ ಹಾಳೆಗೂ ಕೆ.ಆರ್. ನಗರದ ನಾಲೆಯ ಬಯಲಿನ ಹಾಳೆಗೂ ಅಂತರ ಕಾಣುತ್ತದೆ, ಕಾಣಬೇಕು. ಬೀಜ ಕೊಡುಕೊಳ್ಳುವಾಗ ಆ ಹಾಳೆಯ ನಕಲನ್ನೂ ಕೊಡಿ. ಕಾಲ ತಿಳಿಸದೆ ಕೊಟ್ಟ ಬೀಜ ಅರ್ಧ ಬೀಜ. ಹಳೆಯ ಗಾದೆಗಳು ಹುಟ್ಟಿದ್ದು ಹೀಗೆ ನೋಡಿದವರಿಂದ, ಬದಲಾದ ಮಳೆಗೆ ಹೊಸ ಗಾದೆ ಹುಟ್ಟಬೇಕಾದರೂ ಹೀಗೆ ನೋಡುವವರು ಬೇಕು.