ಆಂಬುಲೆನ್ಸ್‌ನವರ ಪಾಠ ಬದಲಾಗಿದೆ, ಮನೆಯವರದು?

ನಿಮ್ಮ ಮನೆಯ ಕಪಾಟಿನಲ್ಲಿ ಪ್ರಥಮ ಚಿಕಿತ್ಸೆಯ ಹಳೆಯ ಪುಸ್ತಕವೊಂದು ಇರಬಹುದು. ಶಾಲೆಯಲ್ಲಿ ಸ್ಕೌಟ್ಸ್‌ಗೋ ಕಾಲೇಜಿನಲ್ಲಿ ಎನ್‌.ಸಿ.ಸಿ.ಗೋ ಸೇರಿದ್ದವರಿಗೆ ಅದರ ಚಿತ್ರಗಳು ಈಗಲೂ ನೆನಪಿರುತ್ತವೆ. ಅದನ್ನು ತೆಗೆದು ಹಾವು ಕಡಿತದ ಪುಟ ನೋಡಿ. ಕಚ್ಚಿದ ಜಾಗದ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗೀರಿ, ರಕ್ತ ಹರಿಯಬಿಡಿ ಎಂದು ಅಲ್ಲಿ ಬರೆದಿದ್ದರೆ ಆ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬೇಡಿ.

ಪುಸ್ತಕ ಬರೆದವರು ಸುಳ್ಳು ಹೇಳಲಿಲ್ಲ. ಆ ಕಾಲಕ್ಕೆ ಅದೇ ಪಾಠವಾಗಿತ್ತು. ವೈದ್ಯಶಾಸ್ತ್ರದಲ್ಲಿ ಪಾಠಗಳು ಬದಲಾಗುತ್ತವೆ. ತುರ್ತು ಚಿಕಿತ್ಸೆಯಲ್ಲಂತೂ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಆಂಬುಲೆನ್ಸ್‌ನಲ್ಲಿ ಬರುವ ತುರ್ತು ಚಿಕಿತ್ಸಾ ತಂತ್ರಜ್ಞರು, ಅಂದರೆ ಇ.ಎಂ.ಟಿ.ಗಳು, ಓದುವ ಪಠ್ಯವನ್ನು ಆಗಾಗ ತಿದ್ದಲಾಗುತ್ತದೆ. ಮನೆಯವರ ಪಾಠವನ್ನು ತಿದ್ದುವವರು ಮಾತ್ರ ಯಾರೂ ಇಲ್ಲ. ಹೀಗಾಗಿ ಹೊಸ ಪಾಠ ಕಲಿತ ಹುಡುಗ ಮನೆ ಬಾಗಿಲಿಗೆ ಬಂದಾಗ ಹಿರಿಯರು ರೇಗುತ್ತಾರೆ: ‘ಏನಪ್ಪಾ, ಕಾಲಿಗೆ ಕಟ್ಟು ಹಾಕೋದೂ ಗೊತ್ತಿಲ್ವಾ ನಿನಗೆ?’ ಅವನು ಉತ್ತರ ಹೇಳುತ್ತಾ ನಿಲ್ಲುವಷ್ಟು ಹೊತ್ತೂ ರೋಗಿಯದು. ಆದ್ದರಿಂದ ಈ ವಾರ ಆ ವಿದ್ಯಾರ್ಥಿಗಳ ಪಠ್ಯದಲ್ಲಿ ಏನೇನು ಬದಲಾಗಿದೆ, ಏಕೆ ಬದಲಾಗಿದೆ ಎಂಬುದನ್ನು ನೋಡೋಣ.

ಈ ವೃತ್ತಿಯೇ ಬಹಳ ಹಳೆಯದಲ್ಲ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತದ ಸಾವುಗಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಆ ದೇಶದ ಸುಮಾರು ಅರ್ಧದಷ್ಟು ಆಂಬುಲೆನ್ಸ್ ಸೇವೆಯನ್ನು ಆಗ ನಡೆಸುತ್ತಿದ್ದವರು ಶವಸಂಸ್ಕಾರದ ಏರ್ಪಾಡು ಮಾಡುವವರು! ರೋಗಿಯನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಅವರ ಬಳಿ ಇತ್ತು ಎಂಬುದೇ ಅದಕ್ಕೆ ಮುಖ್ಯ ಕಾರಣ. ಆ ವರದಿಯ ನಂತರವೇ ಅಲ್ಲಿ ಕ್ರಮಬದ್ಧ ತರಬೇತಿ, ಪಠ್ಯಪುಸ್ತಕ, ಪರೀಕ್ಷೆಗಳು ಬಂದವು. ನಮ್ಮ ರಾಜ್ಯದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದದ್ದು 2008ರ ನವೆಂಬರ್‌ನಲ್ಲಿ.

ಹೃದಯ ನಿಂತಾಗ

ಅತಿ ಹೆಚ್ಚು ಬಾರಿ ತಿದ್ದಿದ ಪಾಠ ಇದೇ ಇರಬೇಕು. ಎದೆಯನ್ನು ಹೊರಗಿನಿಂದ ಒತ್ತಿ ನಿಂತ ಹೃದಯದ ಕೆಲಸವನ್ನು ಸ್ವಲ್ಪ ಹೊತ್ತು ನಡೆಸಬಹುದು ಎಂಬುದನ್ನು 1960ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದರು. ಮುಂದಿನ ಹಲವು ದಶಕ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದು ‘ಎ, ಬಿ, ಸಿ’. ಮೊದಲು ಉಸಿರಿನ ದಾರಿ ತೆರೆ, ಆಮೇಲೆ ಉಸಿರು ಊದು, ಕೊನೆಗೆ ಎದೆ ಒತ್ತು. 2010ರಲ್ಲಿ ಈ ಕ್ರಮ ತಲೆಕೆಳಗಾಯಿತು. ಈಗ ಮೊದಲು ಎದೆ ಒತ್ತುವುದು.

ಇದಕ್ಕೆ ಕಾರಣ ಸರಳ. ದೊಡ್ಡವರ ಹೃದಯ ಥಟ್ಟನೆ ನಿಂತಾಗ ರಕ್ತದಲ್ಲಿ ಕೆಲವು ನಿಮಿಷಗಳಿಗೆ ಸಾಕಾಗುವಷ್ಟು ಆಮ್ಲಜನಕ ಇದ್ದೇ ಇರುತ್ತದೆ. ಕೊರತೆ ಇರುವುದು ಅದನ್ನು ಮೆದುಳಿಗೆ ತಳ್ಳುವ ಒತ್ತಡಕ್ಕೆ. ಬಾವಿಯಲ್ಲಿ ನೀರಿದೆ, ಪಂಪು ನಿಂತಿದೆ ಎಂದುಕೊಳ್ಳಿ. ಹಳೆಯ ಕ್ರಮದಲ್ಲಿ ಬಾಯಿ ತೆರೆಯುವುದು, ಮೂಗು ಹಿಡಿಯುವುದು, ಊದುವುದು ಎಂದು ಆರಂಭದ ಅಮೂಲ್ಯ ಸಮಯ ಕಳೆಯುತ್ತಿತ್ತು. ಅಪರಿಚಿತರ ಬಾಯಿಗೆ ಬಾಯಿಡಲು ಹಿಂಜರಿದು ಎಷ್ಟೋ ಜನ ಏನನ್ನೂ ಮಾಡದೆ ನಿಂತುಬಿಡುತ್ತಿದ್ದರು.

ಸಂಖ್ಯೆಗಳೂ ಬದಲಾದವು. 15 ಬಾರಿ ಒತ್ತಿ 2 ಬಾರಿ ಊದುವುದು ಎಂದಿದ್ದದ್ದು 2005ರಲ್ಲಿ 30 ಬಾರಿ ಒತ್ತಿ 2 ಬಾರಿ ಊದುವುದು ಎಂದಾಯಿತು. ಒತ್ತುವುದನ್ನು ನಿಲ್ಲಿಸಿದೊಡನೆ ರಕ್ತದ ಒತ್ತಡ ಕುಸಿಯುತ್ತದೆ. ಅದನ್ನು ಮತ್ತೆ ಏರಿಸಲು ಹಲವು ಬಾರಿ ಒತ್ತಬೇಕಾಗುತ್ತದೆ. ಆದ್ದರಿಂದ ಬಿಡುವು ಕಡಿಮೆಯಾದಷ್ಟೂ ಒಳ್ಳೆಯದು. 2015ರಿಂದ ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಲ್ಲಿ 5ರಿಂದ 6 ಸೆಂಟಿಮೀಟರ್ ಆಳ ಎಂದು ಮೇಲಿನ ಮಿತಿಯನ್ನೂ ಹಾಕಲಾಗಿದೆ.

ನೀವು ತರಬೇತಿ ಪಡೆಯದವರಾದರೆ ಊದುವ ಚಿಂತೆ ಬಿಡಿ. ಕರೆದರೂ ಅಲುಗಿಸಿದರೂ ಎಚ್ಚರವಾಗದ, ಸರಿಯಾಗಿ ಉಸಿರಾಡದ ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ನೀವು ಪಕ್ಕದಲ್ಲಿ ಮಂಡಿಯೂರಿ ಎದೆಯ ನಟ್ಟನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ಒತ್ತುತ್ತಾ ಹೋಗಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷದಲ್ಲಿ ತೋಳು ಸೋಲುತ್ತದೆ, ಆಗ ಇನ್ನೊಬ್ಬರಿಗೆ ಬಿಟ್ಟುಕೊಡಿ. ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಮಾತ್ರ ಉಸಿರು ಕೊಡುವುದು ಇಂದಿಗೂ ಮುಖ್ಯ. ಅವರಲ್ಲಿ ಸಾಮಾನ್ಯವಾಗಿ ಮೊದಲು ನಿಂತಿರುವುದೇ ಉಸಿರು.

ಇಲ್ಲೊಂದು ಮೋಸವಿದೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಸದ್ದು ಮಾಡುತ್ತಾರೆ. ‘ಉಸಿರಾಡ್ತಾ ಇದ್ದಾರೆ, ನೀರು ಚಿಮುಕಿಸಿ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಉಸಿರಾಟವಲ್ಲ. ಒತ್ತಲು ಆರಂಭಿಸಿ.

ಒಂದೇ ಕಟ್ಟು, ಎರಡು ಪಾಠ

ಹಾವು ಕಡಿತದ ಮಾತಿಗೆ ಬರೋಣ. ನಮ್ಮ ದೇಶದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ಬಿಗಿಯಾಗಿ ಕಟ್ಟಿದರೆ ವಿಷ ಮೇಲೇರುವುದಿಲ್ಲ ಎಂಬುದು ಹಳೆಯ ತರ್ಕ. ಆದರೆ ಕೊಳಕು ಮಂಡಲದಂಥ ಹಾವಿನ ವಿಷ ಕಚ್ಚಿದ ಜಾಗದ ಮಾಂಸಖಂಡವನ್ನೇ ಕೊಳೆಸುತ್ತದೆ. ಕಟ್ಟು ಹಾಕಿದರೆ ವಿಷವನ್ನು ಅಲ್ಲೇ ಕೂಡಿಹಾಕಿ, ರಕ್ತಸಂಚಾರವನ್ನೂ ತಡೆದಂತಾಗುತ್ತದೆ. ಜೀವ ಉಳಿದರೂ ಕಾಲು ಹೋಗಬಹುದು. ಗೀರಿದರಂತೂ ಇನ್ನೂ ಅಪಾಯ, ಏಕೆಂದರೆ ಈ ವಿಷದಿಂದ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿರುತ್ತದೆ. ಬಾಯಿಂದ ಹೀರಿ ತೆಗೆಯುವಷ್ಟು ವಿಷ ಮೇಲಿನ ಪದರದಲ್ಲಿ ಉಳಿದಿರುವುದಿಲ್ಲ.

ಈಗಿನ ಪಾಠ ಇಷ್ಟು: ಧೈರ್ಯ ಹೇಳಿ, ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕೈಕಾಲು ಮುರಿದಾಗ ದಬ್ಬೆ ಕಟ್ಟುವ ಹಾಗೆ, ಬಿಗಿ ಮಾಡದೆ, ಅಲುಗದಂತೆ ಕಟ್ಟಿ ಪ್ರತಿವಿಷದ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸ್ ತಡವಾಗುವ ಊರಿನಲ್ಲಿ ಬೈಕಿನ ಮೇಲೆ ನಡುವೆ ಕೂರಿಸಿಕೊಂಡು, ಹಿಂದೆ ಒಬ್ಬರು ಹಿಡಿದುಕೊಂಡು ಹೊರಟರೂ ಸರಿ. ಹಾವನ್ನು ಹುಡುಕಿ ಕೊಲ್ಲುತ್ತಾ ಕೂರಬೇಡಿ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿ ಕೊಡುವ ಇಂಜೆಕ್ಷನ್ ಒಂದೇ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಗುರುತೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಎಂದವರ ರೆಪ್ಪೆ ಜೋಲುತ್ತಿದ್ದರೆ ಅನುಮಾನಪಡಿ.

ಯಾರಾದರೂ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ? ದಾರಿಯಲ್ಲಿ ಥಟ್ಟನೆ ಕತ್ತರಿಸಬೇಡಿ. ತಡೆದು ನಿಂತ ವಿಷ ಒಮ್ಮೆಲೇ ಮೇಲೇರಬಹುದು. ವೈದ್ಯರು ಸಿದ್ಧತೆ ಮಾಡಿಕೊಂಡು ಬಿಚ್ಚುತ್ತಾರೆ. ಇ.ಎಂ.ಟಿ.ಗಳ ಪಾಠದಲ್ಲಿಯೂ ಇದಕ್ಕೆ ಬೇರೆಯೇ ಜಾಗವಿದೆ.

ಪಠ್ಯವನ್ನು ತಿದ್ದುವುದೆಂದರೆ ಪರದೇಶದ ಪುಸ್ತಕವನ್ನು ನಕಲು ಮಾಡುವುದಲ್ಲ ಎಂಬುದಕ್ಕೂ ಹಾವು ಕಡಿತವೇ ಉದಾಹರಣೆ. ಆಸ್ಟ್ರೇಲಿಯದಲ್ಲಿ ಕಚ್ಚಿದ ಕೈ ಅಥವಾ ಕಾಲಿಗೆ ಉದ್ದಕ್ಕೂ ಅಗಲವಾದ ಬ್ಯಾಂಡೇಜನ್ನು ಒತ್ತಿ ಸುತ್ತಬೇಕೆಂದು ಕಲಿಸುತ್ತಾರೆ. ಅಲ್ಲಿ ಮಂಡಲದ ಜಾತಿಯ ಹಾವುಗಳೇ ಇಲ್ಲ. ಮಂಡಲಗಳು ತುಂಬಿರುವ ನಮ್ಮ ಹೊಲಗದ್ದೆಗಳಿಗೆ ಅದನ್ನು ಹಾಗೆಯೇ ತರುವಂತಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಹಾವು ಕಡಿತದಿಂದ ಹೊರಗೆ ಹೋದ ಅದೇ ಬಿಗಿ ಕಟ್ಟು ರಕ್ತಸ್ರಾವದ ಪಾಠಕ್ಕೆ ಮರಳಿ ಬಂದಿದೆ. ಕೈಕಾಲಿನ ಗಾಯಕ್ಕೆ ಹಾಗೆ ಕಟ್ಟುವುದು ತೀರಾ ಕೊನೆಯ ಉಪಾಯ ಎಂದು ಹಿಂದೆ ಕಲಿಸುತ್ತಿದ್ದರು. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಲ್ಲಿ ಬೇಗ ಕಟ್ಟು ಹಾಕಿಸಿಕೊಂಡ ಸೈನಿಕರು ಹೆಚ್ಚು ಬದುಕುಳಿದದ್ದನ್ನು ಕಂಡ ಮೇಲೆ ಈ ಅಭಿಪ್ರಾಯ ಬದಲಾಯಿತು. ಮನೆಯಲ್ಲಿ ಮೊದಲ ಕೆಲಸ ಈಗಲೂ ಶುದ್ಧ ಬಟ್ಟೆಯಿಂದ ಗಾಯದ ಮೇಲೆಯೇ ಗಟ್ಟಿಯಾಗಿ ಒತ್ತಿ ಹಿಡಿಯುವುದು. ಅದಕ್ಕೂ ನಿಲ್ಲದೆ ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಇ.ಎಂ.ಟಿ. ಗಾಯದ ಮೇಲ್ಭಾಗಕ್ಕೆ ಪಟ್ಟಿ ಬಿಗಿದು, ಬಿಗಿದ ಸಮಯವನ್ನು ಬರೆದಿಡುತ್ತಾನೆ. ಆ ಪಟ್ಟಿಯನ್ನು ಸಡಿಲಿಸಬೇಡಿ.

ಮರಳಿ ಬಂದ ಬೆನ್ನಿನ ಗುದ್ದು

ಅನ್ನ ನೆತ್ತಿಗೆ ಹತ್ತಿದಾಗ ತಲೆ ತಟ್ಟುವುದು ನಮ್ಮ ರೂಢಿ. ಬೆನ್ನು ಗುದ್ದುವುದೂ ಉಂಟು. 1974ರಲ್ಲಿ ಹೈಮ್ಲಿಕ್ ಎಂಬ ಅಮೆರಿಕದ ವೈದ್ಯರು, ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತುವ ವಿಧಾನ ಹೇಳಿದರು. 1980ರ ದಶಕದ ನಡುವೆ ಅಮೆರಿಕದ ಪಾಠಗಳಲ್ಲಿ ದೊಡ್ಡವರಿಗೆ ಬೆನ್ನು ಗುದ್ದುವುದನ್ನು ಕೈಬಿಟ್ಟು ಇದೊಂದನ್ನೇ ಉಳಿಸಿದರು. ಯುರೋಪಿನವರು ಬೆನ್ನು ಗುದ್ದುವುದನ್ನು ಬಿಡಲಿಲ್ಲ. 2025ರಲ್ಲಿ ಅಮೆರಿಕದ ಹೃದ್ರೋಗ ಸಂಘವೂ ಅದಕ್ಕೇ ಮರಳಿದೆ. ವ್ಯಕ್ತಿಯನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಗುದ್ದು, ಅದಕ್ಕೂ ಬಾರದಿದ್ದರೆ 5 ಬಾರಿ ಹೊಟ್ಟೆ ಒತ್ತುವುದು, ಸಿಕ್ಕಿಕೊಂಡದ್ದು ಹೊರಬರುವವರೆಗೆ ಹೀಗೆಯೇ ಬದಲಿಸುತ್ತಾ ಹೋಗುವುದು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಬೋರಲಾಗಿ ತಲೆ ತಗ್ಗಿಸಿ ಹಿಡಿದು 5 ಗುದ್ದು, ಅಂಗಾತ ಮಾಡಿ ಎದೆಯ ನಡುವೆ 5 ಬಾರಿ ಒತ್ತುವುದು. ಇದೆಲ್ಲ ಕೆಮ್ಮಲೂ ಮಾತನಾಡಲೂ ಆಗದವರಿಗೆ ಮಾತ್ರ. ಜೋರಾಗಿ ಕೆಮ್ಮುತ್ತಿರುವವರನ್ನು ಕೆಮ್ಮಲು ಬಿಡಿ.

ಎದೆನೋವು ಎಂದರೆ ಎಲ್ಲರಿಗೂ ಆಮ್ಲಜನಕ ಕೊಡುವುದೂ ಹಳೆಯ ಪಾಠವೇ. ಸ್ವೀಡನ್ನಿನಲ್ಲಿ 6,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದ ಹೃದಯಾಘಾತದ ರೋಗಿಗಳಿಗೆ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬೆರಳಿಗೆ ಪುಟ್ಟ ಯಂತ್ರ ಸಿಕ್ಕಿಸಿ ನೋಡಿ ಇ.ಎಂ.ಟಿ. ಮಾಸ್ಕ್ ಹಾಕದಿದ್ದರೆ ಅದು ಜಿಪುಣತನವಲ್ಲ.

ವಿಷ ಕುಡಿದವರಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಸೀಮೆಎಣ್ಣೆಯಾಗಲಿ ಕೀಟನಾಶಕವಾಗಲಿ ಶ್ವಾಸಕೋಶಕ್ಕೆ ಹೊಕ್ಕು ಇನ್ನೂ ಕೆಡುಕಾಗುತ್ತದೆ. ಬಾಟಲಿಯನ್ನು ಜೊತೆಗೆ ಒಯ್ಯಿರಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಐಸ್ ಏನೂ ಬೇಡ. ಹರಿಯುವ ನಲ್ಲಿ ನೀರಿನ ಕೆಳಗೆ ಕನಿಷ್ಠ 10 ನಿಮಿಷ, ಸಾಧ್ಯವಾದರೆ 20 ನಿಮಿಷ ಹಿಡಿಯಿರಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು, ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ ಸಮಯ ನೋಡಿಕೊಳ್ಳಿ.

ಇವೆಲ್ಲ ಒಬ್ಬರಿಗೆ ತೋಚಿದಂತೆ ಆಗುವ ಬದಲಾವಣೆಗಳಲ್ಲ. ಹೃದಯ ಮತ್ತು ಉಸಿರು ನಿಂತವರನ್ನು ಬದುಕಿಸುವ ವಿಧಾನಗಳ ಬಗ್ಗೆ 1992ರಿಂದ ಒಂದು ಅಂತರರಾಷ್ಟ್ರೀಯ ಸಮಿತಿಯಿದೆ. ಹಲವು ದೇಶಗಳ ಅಧ್ಯಯನಗಳನ್ನು ಅದು ತೂಗಿ ನೋಡುತ್ತದೆ. ಅದರ ಆಧಾರದ ಮೇಲೆ 2000ದಿಂದ 2025ರವರೆಗೆ 5 ವರ್ಷಕ್ಕೊಮ್ಮೆ ದೊಡ್ಡ ಪರಿಷ್ಕರಣೆಗಳು ಬಂದಿವೆ. ತೊಂದರೆ ಇರುವುದು ಅಲ್ಲಿಂದ ತರಗತಿಯವರೆಗಿನ ದಾರಿಯಲ್ಲಿ. ಪುಸ್ತಕ ಹೊಸದಾದರೂ ಗೋಡೆಯ ಮೇಲಿನ ಪಟ ಹಳೆಯದೇ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ 15ಕ್ಕೆ 2 ಎಂಬ ಉತ್ತರಕ್ಕೆ ಅಂಕ ಸಿಗುತ್ತದೆ. ಹೊಸದನ್ನು ಕಲಿಸುವುದಕ್ಕಿಂತ ಕೈಗೆ ರೂಢಿಯಾದ ಹಳೆಯದನ್ನು ಬಿಡಿಸುವುದು ಕಷ್ಟ ಎಂಬುದು ಕಲಿಸುವವರಿಗೆಲ್ಲ ಗೊತ್ತು. ನಿಮ್ಮ ಮಗನೋ ಮಗಳೋ ಇ.ಎಂ.ಟಿ. ತರಬೇತಿಗೆ ಸೇರುತ್ತಿದ್ದರೆ ಸಂಸ್ಥೆಯವರನ್ನು ಸಂಕೋಚವಿಲ್ಲದೆ ಕೇಳಿ: ನಿಮ್ಮ ಪಠ್ಯ ಯಾವ ವರ್ಷದ್ದು? ಕೆಲಸಕ್ಕೆ ಸೇರಿದವರಿಗೆ ಮರುತರಬೇತಿ ಉಂಟೇ?

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಠಾಣೆಗೆ ಅಲೆಯಬೇಕು ಎಂಬ ಭಯವೂ ಹಳೆಯ ಪಾಠದ ಸಾಲಿಗೇ ಸೇರಿದ್ದು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಈ ರಕ್ಷಣೆ ಸೇರಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ.

ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಸಾರ್ವಜನಿಕರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಮನೆಯಿಂದ ಒಬ್ಬರಾದರೂ ಕಲಿತು ಬನ್ನಿ. ಆಂಬುಲೆನ್ಸ್ ಕರೆದ ದಿನ ತೊಂದರೆ ಶುರುವಾದ ಗಂಟೆ, ರೋಗಿ ದಿನವೂ ನುಂಗುವ ಮಾತ್ರೆಗಳ ಚೀಟಿ, ಯಾವುದಾದರೂ ಔಷಧಿ ಒಗ್ಗದಿದ್ದರೆ ಅದರ ಹೆಸರು, ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬರು ಬೀದಿಯ ತಿರುವಿನಲ್ಲಿ ನಿಂತಿರಿ. ರಾತ್ರಿಯಾಗಿದ್ದರೆ ಬಾಗಿಲ ದೀಪ ಹಾಕಿಡಿ.