ಕುಯಿಲಿನ ಯಂತ್ರ: ಮೊದಲು ಲೆಕ್ಕ, ಆಮೇಲೆ ದರ

ಭತ್ತ ಹಣ್ಣಾದ ಮೇಲೆ ಕಟಾವು ಯಂತ್ರ ಬರುವುದು ತಡವಾದರೆ ಕಾಳು ಗದ್ದೆಯಲ್ಲೇ ಉದುರುತ್ತದೆ. ನಡುವೆ ಮಳೆ ಹೊಡೆದರೆ ಪೈರು ನೆಲಕಚ್ಚುತ್ತದೆ. ಆ ಆತುರದಲ್ಲಿ ಒಬ್ಬೊಬ್ಬರೇ ಯಂತ್ರ ಹುಡುಕುತ್ತ ಹೋದರೆ ಮಾಲೀಕರು ಹೇಳಿದ್ದೇ ದರ; ಒಂದೆರಡು ಎಕರೆಯ ರೈತನ ಸರದಿ ಕೊನೆಗೆ. ಊರಿನವರು ಕೂಡಿ ತಿಂಗಳು ಮೊದಲೇ ಲೆಕ್ಕ ಹಾಕಿದರೆ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ನಿಮ್ಮ ಬಯಲಿನ 180 ಎಕರೆ ಭತ್ತದ ಕುಯಿಲು 10 ದಿನದಲ್ಲಿ ಮುಗಿಯಬೇಕೆಂದಿಟ್ಟುಕೊಳ್ಳಿರಿ. ಯಂತ್ರ ಗಂಟೆಗೆ 1 ಎಕರೆ ಕೊಯ್ದರೂ, ಬೆಳಗಿನ ಇಬ್ಬನಿ ಆರಬೇಕು, ಗದ್ದೆಯಿಂದ ಗದ್ದೆಗೆ ಸಾಗಬೇಕು. ಆದ್ದರಿಂದ ದಿನಕ್ಕೆ 6 ಎಕರೆ ಎಂದೇ ಹಿಡಿಯಿರಿ. 10 ದಿನಕ್ಕೆ 60 ಎಕರೆಯಾಯಿತು. ಮೂರು ಯಂತ್ರ ಸಾಕೆನಿಸುತ್ತದೆ. ಆದರೆ ಮಳೆಗೂ ರಿಪೇರಿಗೂ 2 ದಿನ ಕಳೆದರೆ ಒಂದು ಯಂತ್ರದಿಂದ ಆಗುವುದು 48 ಎಕರೆ ಮಾತ್ರ. ಆಗ ನಾಲ್ಕು ಯಂತ್ರ ಬೇಕು.

ಇನ್ನು ದರ ಕೇಳಿರಿ. ಕನಿಷ್ಠ ಮೂವರು ಮಾಲೀಕರಿಗೆ ಒಂದೇ ವಿವರ ಕೊಡಿರಿ: ಎಷ್ಟು ಎಕರೆ, ಯಾವ ದಿನ, ಗದ್ದೆ ಒಣಗಿದೆಯೋ ಕೆಸರಿದೆಯೋ. ಕೆಸರಿದ್ದರೆ ಟೈರಿನ ಯಂತ್ರ ಹೂತುಹೋಗುತ್ತದೆ. ಚೈನಿನ ಯಂತ್ರವನ್ನೇ ಕೇಳಬೇಕು. ಕರ್ನಾಟಕದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಕೇಂದ್ರ ಹತ್ತಿರವಿದ್ದರೆ ಅಲ್ಲಿಯ ಬಾಡಿಗೆಯನ್ನೂ ವಿಚಾರಿಸಿರಿ. ಎಲ್ಲರ ದರವನ್ನೂ ಮುಚ್ಚಿದ ಲಕೋಟೆಯಲ್ಲಿ ಪಡೆದು, ಊರವರ ಎದುರಿಗೇ ಒಡೆಯಿರಿ.

ಗಂಟೆಯ ದರ ಕಡಿಮೆಯೆಂದು ಮರುಳಾಗಬೇಡಿ. ಒಬ್ಬರು ಗಂಟೆಗೆ 2,400 ರೂಪಾಯಿ ಕೇಳಿ, ಎಕರೆಗೆ ಒಂದೂಕಾಲು ಗಂಟೆ ತೆಗೆದುಕೊಂಡರೆ 3,000 ರೂಪಾಯಿ ಆಗುತ್ತದೆ. ಇನ್ನೊಬ್ಬರು 2,700 ಕೇಳಿ ಒಂದೇ ಗಂಟೆಯಲ್ಲಿ ಮುಗಿಸಿದರೆ ಅದೇ ಅಗ್ಗ. ಎಕರೆಗೆ ಬೀಳುವ ಖರ್ಚನ್ನೇ ಹೋಲಿಸಿರಿ.

ಅಗ್ಗದವರ ಕೈಗೇ ಇಡೀ ಬಯಲನ್ನು ಒಪ್ಪಿಸುವುದೂ ತರವಲ್ಲ. ಅವರಲ್ಲಿ ಎಷ್ಟು ಯಂತ್ರಗಳಿವೆ, ಅದೇ ದಿನಗಳಿಗೆ ಬೇರೆ ಊರುಗಳನ್ನು ಒಪ್ಪಿಕೊಂಡಿದ್ದಾರೆಯೇ ಎಂದು ಕೇಳಿರಿ. ಎರಡೇ ಯಂತ್ರವಿದ್ದರೆ 96 ಎಕರೆ ಕೊಟ್ಟು, ಉಳಿದುದನ್ನು ಮುಂದಿನ ದರದವರಿಗೆ ಕೊಡಿರಿ. ದರ, ದಿನ, ಯಂತ್ರಗಳ ಸಂಖ್ಯೆ ಕರಾರಿನಲ್ಲಿರಲಿ. ಮುಂಗಡ ಸ್ವಲ್ಪವೇ ಇರಲಿ. ಬಾಕಿ ಕುಯಿಲಾದ ಮೇಲೆ.

ಗದ್ದೆಗಳ ಸರದಿಯನ್ನು ಪೈರಿನ ಹದ ನೋಡಿ ಬರೆಯಿರಿ, ಒಡೆಯನ ಹೆಸರು ನೋಡಿ ಅಲ್ಲ. ನೂರು ರೂಪಾಯಿ ಉಳಿಯಿತೆಂದು ಕಡೆಗಳಿಗೆಯಲ್ಲಿ ಬೇರೆ ಯಂತ್ರ ಕರೆಸಿ ಕರಾರು ಮುರಿಯಬೇಡಿ. ಈ ವರ್ಷ ಮಾತು ಉಳಿಸಿಕೊಂಡ ಊರಿಗೆ ಮುಂದಿನ ವರ್ಷ ಯಂತ್ರಗಳು ತಾವಾಗಿ ಬರುತ್ತವೆ.